ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಗುಟ್ಟು ಕಂಡ ಸರ್ ರೊನಾಲ್ಡ್ ರಾಸ್



ಇನ್ನೊಂದು ಜೀವಿಯ ಮೈಮೇಲೋ ಮೈಯೊಳಗೋ ನೆಲೆಸಿ, ಅದರಿಂದಲೇ ಆಹಾರ ಪಡೆದು, ಅದಕ್ಕೇ ಹಾನಿ ಮಾಡುವ ಜೀವಿಯನ್ನು ಪರೋಪಜೀವಿ ಎನ್ನುತ್ತಾರೆ. ಆಶ್ರಯ ಕೊಟ್ಟ ಜೀವಿಯೇ ಆತಿಥೇಯ. ಕುರಿ ಸಾಕುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕುರಿಯ ಚರ್ಮಕ್ಕೆ ಕಚ್ಚಿಕೊಂಡಿರುವ ಉಣ್ಣೆಹುಳು ಹೊರ ಪರೋಪಜೀವಿ. ಅದರ ಕರುಳಿನಲ್ಲಿರುವ ಜಂತುಹುಳು ಒಳ ಪರೋಪಜೀವಿ. ಕೆಲವು ಪರೋಪಜೀವಿಗಳಿಗೆ ಒಂದು ಮನೆ ಸಾಲದು. ಬಾಳಿನ ಅರ್ಧ ಭಾಗವನ್ನು ಒಂದು ಆತಿಥೇಯದಲ್ಲಿ, ಉಳಿದರ್ಧವನ್ನು ಮತ್ತೊಂದರಲ್ಲಿ ಕಳೆಯುತ್ತವೆ. ಮಲೇರಿಯಾದ ಪರೋಪಜೀವಿ ಅಂಥದ್ದು. ಅದರ ಎರಡನೆಯ ಮನೆಯನ್ನು ಪತ್ತೆಹಚ್ಚಿದವರು ಸರ್ ರೊನಾಲ್ಡ್ ರಾಸ್.

ರಾಸ್ ಅವರು 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಜನಿಸಿದರು. ತಂದೆ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಅಧಿಕಾರಿ. ಮಗನಿಗೆ ಕಾವ್ಯ, ಚಿತ್ರಕಲೆ, ಸಂಗೀತದಲ್ಲಿ ಆಸಕ್ತಿ. ತಂದೆಗೆ ಮಗ ವೈದ್ಯನಾಗಬೇಕೆಂಬ ಆಸೆ. ತಂದೆಯ ಮಾತಿನಂತೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಅವರು ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದರು. ಉಳಿದ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲೇ ಸೊಳ್ಳೆ ಹೆಚ್ಚೆಂಬುದನ್ನು ಗಮನಿಸಿ ಕಾರಣ ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ನೀರು ಚೆಲ್ಲಿಸಿದ ಮೇಲೆ ಸೊಳ್ಳೆ ಕಡಿಮೆಯಾಯಿತು. ಉಳಿದ ಕಡೆಯೂ ಹೀಗೆ ಮಾಡೋಣವೆಂದು ಅವರು ಮೇಲಿನವರಿಗೆ ಹೇಳಿದರು. ಆದರೆ ಸೃಷ್ಟಿಯ ಕ್ರಮವನ್ನು ಕೆಡಿಸಬಾರದೆಂಬ ಉತ್ತರ ಬಂತು! ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಯಾರಿಗೂ ಗೊತ್ತಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

ಮಲೇರಿಯಾ ರೋಗಿಯ ರಕ್ತದಲ್ಲಿ ಪರೋಪಜೀವಿ ಇರುವುದನ್ನು ಫ್ರಾನ್ಸಿನ ಲಾವೆರಾನ್ ಅವರು 1880ರಲ್ಲಿಯೇ ಕಂಡಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ದಾರಿ ಮಾತ್ರ ತಿಳಿದಿರಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಸೊಳ್ಳೆಯ ಮೇಲಿನ ತಮ್ಮ ಅನುಮಾನವನ್ನು ರಾಸ್‌ಗೆ ತಿಳಿಸಿದರು. ಸೊಳ್ಳೆ ಸತ್ತು ಬಿದ್ದ ನೀರನ್ನು ಕುಡಿದವರಿಗೆ ರೋಗ ಬರುತ್ತದೆಂದು ಮ್ಯಾನ್ಸನ್ ಊಹಿಸಿದ್ದರು. ಊಹೆಯ ಅರ್ಧ ಸರಿ, ಅರ್ಧ ತಪ್ಪು.

ಭಾರತಕ್ಕೆ ಮರಳಿದ ರಾಸ್ 1895ರಿಂದ ಸಿಕಂದರಾಬಾದಿನಲ್ಲಿ ಸೊಳ್ಳೆಗಳನ್ನು ಕೊಯ್ದು ಸೂಕ್ಷ್ಮದರ್ಶಕದಡಿ ನೋಡತೊಡಗಿದರು. ಅದೇ ವರ್ಷ ಕಾಲರಾ ತಡೆಯುವ ಕೆಲಸಕ್ಕಾಗಿ ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು. 1897ರಲ್ಲಿ ನೀಲಗಿರಿಯ ಸಿಗೂರು ಘಾಟಿಗೆ ಹೋದಾಗ ಸ್ವತಃ ಅವರಿಗೇ ಮಲೇರಿಯಾ ಬಂತು. ಎರಡು ವರ್ಷ ದುಡಿದರೂ ಫಲ ದೊರೆಯಲಿಲ್ಲ. ಕಾರಣವೇನು ಗೊತ್ತೇ? ಅವರು ಪರೀಕ್ಷಿಸುತ್ತಿದ್ದುದು ಬೇರೆ ಜಾತಿಯ ಸೊಳ್ಳೆಗಳನ್ನು. ಪರೋಪಜೀವಿಗೆ ಎಲ್ಲ ಮನೆಯೂ ಒಗ್ಗುವುದಿಲ್ಲ. ಮನುಷ್ಯನ ಮಲೇರಿಯಾದ ಪರೋಪಜೀವಿ ಅನಾಫಿಲಿಸ್ ಜಾತಿಯ ಸೊಳ್ಳೆಯಲ್ಲಿ ಮಾತ್ರ ಬೆಳೆಯಬಲ್ಲದು.

ಕೊನೆಗೆ ಕಂದು ಬಣ್ಣದ ಅಂಥ ಸೊಳ್ಳೆಗಳು ಕೈಗೆ ಸಿಕ್ಕವು. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗೆ ಒಂದಾಣೆಯಂತೆ ಪಡೆದು ಅವುಗಳಿಂದ ಕಚ್ಚಿಸಿಕೊಂಡರು. 1897ರ ಆಗಸ್ಟ್ 20ರಂದು ಆ ಸೊಳ್ಳೆಯ ಜಠರದ ಗೋಡೆಯಲ್ಲಿ ಪರೋಪಜೀವಿಯ ದುಂಡನೆಯ ಕೋಶಗಳು ರಾಸ್ ಕಣ್ಣಿಗೆ ಬಿದ್ದವು. ಆ ದಿನವನ್ನು ಇಂದು ವಿಶ್ವ ಸೊಳ್ಳೆ ದಿನವೆಂದು ಆಚರಿಸುತ್ತಾರೆ. ಮರುವರ್ಷ ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾ ಕುರಿತು ಪ್ರಯೋಗ ಮುಂದುವರಿಯಿತು. ಅಲ್ಲಿ ಸೊಳ್ಳೆ ಹಿಡಿದು, ಮರಿ ಸಾಕಿ ನೆರವಾದವರು ಸಹಾಯಕ ಮಹಮ್ಮದ್ ಬಕ್ಷ್. 1898ರ ಜುಲೈ ತಿಂಗಳಲ್ಲಿ ಪರೋಪಜೀವಿ ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಸೇರುವುದೂ, ಕಚ್ಚಿದಾಗ ಆರೋಗ್ಯವಂತ ಹಕ್ಕಿಗೆ ರೋಗ ತಗಲುವುದೂ ಸಿದ್ಧವಾಯಿತು. ನೀರು ಕುಡಿದು ಬರುವ ರೋಗ ಇದಲ್ಲ, ಕಡಿತದಿಂದ ಬರುವುದೆಂದು ಜಗತ್ತಿಗೆ ತಿಳಿಯಿತು. ಮನುಷ್ಯರಲ್ಲಿಯೂ ಹೀಗೆಯೇ ಎಂಬುದನ್ನು ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಅದೇ ವರ್ಷ ತೋರಿಸಿಕೊಟ್ಟರು.

ಪರೋಪಜೀವಿಯ ಗಂಡು ಹೆಣ್ಣು ಕಣಗಳು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲಿ. ಆದ್ದರಿಂದ ವಿಜ್ಞಾನದ ದೃಷ್ಟಿಯಲ್ಲಿ ಸೊಳ್ಳೆಯೇ ಮುಖ್ಯ ಆತಿಥೇಯ. ಮನುಷ್ಯ ನಡುವಿನ ತಂಗುದಾಣ ಮಾತ್ರ. ಈ ಎರಡು ಮನೆಗಳ ನಡುವಿನ ದಾರಿಯನ್ನು ಕಡಿದರೆ ಪರೋಪಜೀವಿಗೆ ಉಳಿವಿಲ್ಲ. ಇದಕ್ಕೆ ಸಾಕ್ಷಿ ನಾರುಹುಣ್ಣು. ಮೆಟ್ಟಿಲು ಬಾವಿಯ ನೀರಿನಿಂದ ನಮ್ಮ ರಾಜ್ಯದಲ್ಲೂ ಹರಡುತ್ತಿದ್ದ ಆ ರೋಗ, ನೀರನ್ನು ಸೋಸಿ ಕುಡಿಯುವುದರಿಂದ, ಬಾವಿಗಳನ್ನು ಸುರಕ್ಷಿತಗೊಳಿಸಿದ್ದರಿಂದ ತೊಲಗಿ, 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಿತವಾಯಿತು.

ರಾಸ್ ಅವರಿಗೆ 1902ರಲ್ಲಿ ವೈದ್ಯಕೀಯದ ನೊಬೆಲ್ ಪ್ರಶಸ್ತಿ ದೊರೆಯಿತು. ಲಿವರ್‌ಪೂಲಿನಲ್ಲಿ ಪ್ರಾಧ್ಯಾಪಕರಾಗಿ, ಸೊಳ್ಳೆ ನಿಯಂತ್ರಣಕ್ಕಾಗಿ ದೇಶದೇಶ ತಿರುಗಿದರು. ಕಣ್ಣಿಗೆ ಕಾಣದ ಜೀವಿಯ ಹರಡುವಿಕೆಯನ್ನು ಗಣಿತದಿಂದ ಲೆಕ್ಕ ಹಾಕಲು ದಾರಿ ತೋರಿದರು. ಕವಿತೆಗಳನ್ನೂ ಬರೆದರು. ಶ್ರೇಯಸ್ಸಿನ ವಿಷಯದಲ್ಲಿ ಗ್ರಾಸಿಯವರೊಡನೆ ನಡೆಸಿದ ದೀರ್ಘ ಜಗಳ ಮಾತ್ರ ಅವರ ಹೆಸರಿಗೆ ಶೋಭೆ ತರಲಿಲ್ಲ. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು.

ಓದುಗರೇ, ಮಳೆ ಕಡಿಮೆ ಇರುವ ನಮ್ಮ ಸೀಮೆಯಲ್ಲಿ ಸೊಳ್ಳೆ ಹೇಗೆ ಬೆಳೆದೀತೆಂದು ಕೇಳಬೇಡಿ. ನಲ್ಲಿಯಲ್ಲಿ ನೀರು ದಿನವೂ ಬಾರದ ಕಡೆ ಡ್ರಮ್ಮು, ತೊಟ್ಟಿ, ಬಾನಿಗಳಲ್ಲಿ ನೀರು ಕೂಡಿಡಲೇಬೇಕು. ಡೆಂಗಿ ಹರಡುವ ಸೊಳ್ಳೆಗೆ ಆ ತಿಳಿನೀರೇ ಸಾಕು. ಮಲೇರಿಯಾ ಹರಡುವ ಒಂದು ಜಾತಿಯ ಅನಾಫಿಲಿಸ್ ಕೂಡ ಅಲ್ಲಿಯೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ ಮುಚ್ಚಿಡಿ. ಬರಿದು ಮಾಡಲಾಗದ ಮಸೀದಿಯ ಹೌಜಿನಲ್ಲಿ, ಶಾಲೆಯ ದೊಡ್ಡ ತೊಟ್ಟಿಯಲ್ಲಿ ಮರಿಹುಳು ತಿನ್ನುವ ಗಪ್ಪಿ ಮೀನು ಬಿಡಿಸಿ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮಕ್ಕಳಿಗೆ ರಾಸ್ ಅವರ ಹೆಸರು ಹೇಳಿಕೊಡುವಾಗ, ಪಾಠಗಳಲ್ಲಿ ಬಾರದ ಹುಸೇನ್ ಖಾನ್, ಮಹಮ್ಮದ್ ಬಕ್ಷ್ ಅವರ ಹೆಸರುಗಳನ್ನೂ ಜೊತೆಗೆ ಹೇಳಿಕೊಡಿ. ದೊಡ್ಡ ವಿದ್ಯೆಯ ಹಿಂದೆ ಬಡವರ ರಕ್ತ ಮತ್ತು ಶ್ರಮವೂ ಇರುತ್ತದೆಂಬುದು ಅವರಿಗೆ ತಿಳಿಯಲಿ.