ಪುಟ್ಟ ಕಾರಿನ ಶಿಲ್ಪಿ ಅಲೆಕ್ ಇಸಿಗೋನಿಸ್

ಮಕ್ಕಳೇ, ಆಟಿ ತಿಂಗಳ ಜಡಿಮಳೆಯಲ್ಲಿ ಉಡುಪಿಯಿಂದ ಕಾಪುವಿನ ಕಡೆಗೆ ಹೋಗುವ ಹೆದ್ದಾರಿಯನ್ನು ನೀವು ನೋಡಿರಬಹುದು. ರಸ್ತೆಯಲ್ಲಿ ನಿಂತ ನೀರನ್ನು ಸೀಳುತ್ತಾ ಪುಟ್ಟ ಪುಟ್ಟ ಕಾರುಗಳು ಸಾಗುತ್ತವೆ. ಚಕ್ರದಿಂದ ಚಿಮ್ಮಿದ ನೀರು ಕಾರಿನ ತಳಕ್ಕೆ ರಭಸದಿಂದ ಬಡಿಯುತ್ತದೆ. ಆದರೂ ಒಳಗೆ ಕುಳಿತವರ ಕಾಲು ಒದ್ದೆಯಾಗುವುದಿಲ್ಲ. ಹಿಂದೊಮ್ಮೆ ಹೀಗಿರಲಿಲ್ಲ. ಇಂಗ್ಲೆಂಡಿನಲ್ಲಿ ತಯಾರಾದ ಒಂದು ಹೊಸ ಕಾರಿನೊಳಗೆ ಮಳೆನೀರು ನುಗ್ಗಿ, ಕೊಂಡವರೆಲ್ಲ ದೂರು ಹೇಳುವಂತಾಗಿತ್ತು. ಆದರೂ ಅದೇ ಕಾರು ಮುಂದೆ ಜಗತ್ಪ್ರಸಿದ್ಧವಾಯಿತು. ಅದರ ಹೆಸರು ಮಿನಿ. ಅದನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. ಬನ್ನಿ, ಅವರ ಬದುಕಿನ ಕಥೆಯನ್ನು ತಿಳಿಯೋಣ.

ಇಸಿಗೋನಿಸ್ ಹುಟ್ಟಿದ್ದು 1906ರ ನವೆಂಬರ್ 18ರಂದು, ಸ್ಮಿರ್ನಾ ಎಂಬ ಬಂದರು ಪಟ್ಟಣದಲ್ಲಿ. ಈಗ ಅದು ಟರ್ಕಿ ದೇಶದ ಇಜ್ಮಿರ್ ನಗರ. ತಂದೆ ಗ್ರೀಕ್ ಮೂಲದ ಎಂಜಿನಿಯರ್, ತಾಯಿ ಜರ್ಮನ್ ಮೂಲದವರು. 1922ರಲ್ಲಿ ಯುದ್ಧದ ಕಾರಣದಿಂದ ಈ ಕುಟುಂಬ ಮನೆಮಠ ಬಿಟ್ಟು ಹಡಗು ಹತ್ತಬೇಕಾಯಿತು. ಅದೇ ವರ್ಷ ತಂದೆ ತೀರಿಕೊಂಡರು. ಹದಿಹರೆಯದ ಹುಡುಗ ತಾಯಿಯೊಡನೆ ಲಂಡನ್ ಸೇರಿದ.

ಅಲ್ಲಿ ಆತ ಬ್ಯಾಟರ್‌ಸೀ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಕಲಿತ. ಗಣಿತ ಮಾತ್ರ ಕಬ್ಬಿಣದ ಕಡಲೆಯಾಯಿತು. ಗಣಿತ ಪರೀಕ್ಷೆಯಲ್ಲಿ ಮೂರು ಬಾರಿ ನಪಾಸಾದ! ಆದರೆ ಚಿತ್ರ ಬಿಡಿಸುವುದರಲ್ಲಿ ಎತ್ತಿದ ಕೈ. ಮನಸ್ಸಿನಲ್ಲಿ ಮೂಡಿದ ಯಂತ್ರವನ್ನು ಕಾಗದದ ಮೇಲೆ ಬರೆದು ತೋರಿಸಬಲ್ಲವನಾಗಿದ್ದ. ಈ ಕೌಶಲವೇ ಅವರನ್ನು 1936ರಲ್ಲಿ ಮೋರಿಸ್ ಕಾರು ಕಂಪನಿಗೆ ಕರೆತಂದಿತು. ಅಲ್ಲಿ ಅವರು ರೂಪಿಸಿದ ಮೋರಿಸ್ ಮೈನರ್ 1948ರಲ್ಲಿ ಹೊರಬಂತು. 10 ಲಕ್ಷಕ್ಕಿಂತ ಹೆಚ್ಚು ಮಾರಾಟವಾದ ಮೊದಲ ಬ್ರಿಟಿಷ್ ಕಾರು ಅದು.

1956ರಲ್ಲಿ ಸೂಯೆಜ್ ಕಾಲುವೆ ಮುಚ್ಚಿತು. ಬ್ರಿಟನ್ನಿಗೆ ಬರುವ ಪೆಟ್ರೋಲ್ ಕಡಿಮೆಯಾಗಿ ಪಡಿತರ ಜಾರಿಗೆ ಬಂತು. ಕಡಿಮೆ ಪೆಟ್ರೋಲ್ ಕುಡಿಯುವ, ನಾಲ್ಕು ಜನ ಕೂರಬಹುದಾದ ಪುಟ್ಟ ಕಾರು ಬೇಕಾಯಿತು. ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1957ರಲ್ಲಿ. ಅದೇ ವರ್ಷ ಅತ್ತ ಇಂಗ್ಲೆಂಡಿನಲ್ಲಿ ಇಸಿಗೋನಿಸ್ ಈ ಕೆಲಸಕ್ಕೆ ಕೈಹಾಕಿದರು.

ಕಾರಿನ ಉದ್ದ ಕೇವಲ 3 ಮೀಟರಿನಷ್ಟು. ಇಷ್ಟರಲ್ಲಿ ಎಂಜಿನ್ನೂ ಇರಬೇಕು, ಜನರೂ ಕೂರಬೇಕು. ಹೇಗೆ? ಅಂದಿನ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಉದ್ದಕ್ಕೆ ಇರುತ್ತಿತ್ತು. ಇಸಿಗೋನಿಸ್ ಅದನ್ನು ಅಡ್ಡಲಾಗಿ ಇಟ್ಟರು. ಗೇರು ಪೆಟ್ಟಿಗೆಯನ್ನು ಎಂಜಿನ್ನಿನ ಕೆಳಗೇ ಕೂರಿಸಿದರು. ಮುಂದಿನ ಚಕ್ರಗಳೇ ಕಾರನ್ನು ಎಳೆಯುವಂತೆ ಮಾಡಿದರು. ಇದರಿಂದ ನೆಲದ ಜಾಗದಲ್ಲಿ ಶೇಕಡ 80ರಷ್ಟು ಜನರಿಗೂ ಸಾಮಾನಿಗೂ ಉಳಿಯಿತು. 1959ರ ಆಗಸ್ಟ್ 26ರಂದು ಮಿನಿ ಲೋಕಕ್ಕೆ ಪರಿಚಯವಾಯಿತು.

ಆ ವರ್ಷ ಇಂಗ್ಲೆಂಡಿನಲ್ಲಿ ಬೇಸಿಗೆ ಒಣಗಿತ್ತು. ಬೇಸಿಗೆ ಕಳೆದು ಮಳೆ ಶುರುವಾದಾಗ ದೂರುಗಳೂ ಶುರುವಾದವು. ಕಾರಿನ ನೆಲದಿಂದ ನೀರು ಒಳಗೆ ಬರುತ್ತಿತ್ತು! ಕಾರಿನೊಳಗೆ ಮೀನು ಸಾಕಬಹುದು ಎಂದು ಜನ ನಗೆಯಾಡಿದರು. ಕಾರಣವೇನು ಗೊತ್ತೇ? ನಿಮ್ಮ ಊರಿನ ಹಂಚಿನ ಮಾಡನ್ನು ನೆನಪಿಸಿಕೊಳ್ಳಿ. ಮೇಲಿನ ಸಾಲಿನ ಹಂಚು ಕೆಳಗಿನ ಸಾಲಿನ ಹಂಚಿನ ಮೇಲೆ ಕೂತಿರುತ್ತದೆ. ನೀರು ಜಾರಿ ಹೋಗುತ್ತದೆ. ಅದನ್ನು ತಿರುವುಮುರುವು ಹೊದೆಸಿದರೆ? ನೀರು ಸಂದಿಗೆ ನುಗ್ಗಿ ಮನೆಯೊಳಗೆ ಸೋರುತ್ತದೆ. ಮಿನಿಯ ನೆಲದ ತಗಡುಗಳ ಜೋಡಣೆಯಲ್ಲಿ ಆದದ್ದೂ ಇಂಥದೇ ತಪ್ಪು. ಸಂದಿಯ ಬಾಯಿ ಮುಂದಕ್ಕೆ ಇದ್ದುದರಿಂದ ಕಾರು ಓಡಿದಂತೆಲ್ಲ ನೀರು ಒಳಗೆ ನುಗ್ಗುತ್ತಿತ್ತು.

ಇನ್ನೊಂದು ತೊಂದರೆಯೂ ಇತ್ತು. ಎಂಜಿನ್ನಿಗೆ ಕಿಡಿ ಒದಗಿಸುವ ವಿದ್ಯುತ್ ಭಾಗಗಳು ಮುಂಭಾಗದ ಜಾಲರಿಯ ಹಿಂದೆಯೇ ಇದ್ದವು. ಜೋರು ಮಳೆಯಲ್ಲಿ ಅವು ಒದ್ದೆಯಾಗಿ ಕಾರು ದಾರಿಯಲ್ಲೇ ನಿಲ್ಲುತ್ತಿತ್ತು. ದೂರುಗಳನ್ನು ಪರಿಶೀಲಿಸಿದ ಎಂಜಿನಿಯರರು ತಗಡಿನ ಜೋಡಣೆಯನ್ನು ಬದಲಿಸಿದರು. ವಿದ್ಯುತ್ ಭಾಗಗಳಿಗೆ ಮರೆ ಕಟ್ಟಿದರು. ಆಮೇಲೆ ಮಿನಿ ಹಿಂದಿರುಗಿ ನೋಡಲಿಲ್ಲ. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು. 2000ದಲ್ಲಿ ತಯಾರಿಕೆ ನಿಲ್ಲುವವರೆಗೆ 50 ಲಕ್ಷಕ್ಕೂ ಹೆಚ್ಚು ಮಿನಿಗಳು ಹೊರಬಂದವು.

ಆದರೆ ಇಸಿಗೋನಿಸ್ ಹೇಳಿದ್ದೆಲ್ಲವೂ ಸರಿಯಾಗಿರಲಿಲ್ಲ. ಅಪಘಾತದಿಂದ ತಪ್ಪಿಸಿಕೊಳ್ಳಬಲ್ಲ ಕಾರೇ ಸುರಕ್ಷಿತ ಕಾರು ಎಂಬುದು ಅವರ ನಿಲುವಾಗಿತ್ತು. ಆಸನ ತೀರಾ ಮೆತ್ತಗಿದ್ದರೆ ಚಾಲಕ ಎಚ್ಚರ ತಪ್ಪುತ್ತಾನೆ ಎಂದೂ ಅವರು ಭಾವಿಸಿದ್ದರು. ಒಳ್ಳೆಯ ಬ್ರೇಕು, ಸ್ಟಿಯರಿಂಗ್ ಬೇಕು, ನಿಜ. ಆದರೆ ಎಷ್ಟೇ ಎಚ್ಚರವಿದ್ದರೂ ಅಪಘಾತ ಆಗಬಹುದಲ್ಲವೇ? ಆಗ ಜೀವ ಉಳಿಸಲು ಸೀಟ್ ಬೆಲ್ಟು, ಏರ್‌ಬ್ಯಾಗು, ಗಟ್ಟಿಯಾದ ಕವಚ ಬೇಕೇ ಬೇಕು ಎಂಬುದನ್ನು ನಂತರದ ಪ್ರಯೋಗಗಳು ತೋರಿಸಿಕೊಟ್ಟವು.

1969ರಲ್ಲಿ ಇಸಿಗೋನಿಸ್ ಅವರಿಗೆ 'ಸರ್' ಪದವಿ ಬಂತು. 1988ರ ಅಕ್ಟೋಬರ್ 2ರಂದು ಅವರು ನಿಧನರಾದರು. ಅವರ ವಿಧಾನ ಮಾತ್ರ ಇಂದಿಗೂ ಜೀವಂತ. 1983ರಲ್ಲಿ ನಮ್ಮ ರಸ್ತೆಗೆ ಬಂದ ಮಾರುತಿ 800 ಕಾರಿನಲ್ಲೂ ಎಂಜಿನ್ ಅಡ್ಡಲಾಗಿಯೇ ಇತ್ತು. ಕಾರ್ಕಳದ ಗ್ಯಾರೇಜಿನಲ್ಲಿ ಬಾನೆಟ್ ತೆರೆದ ಸಣ್ಣ ಕಾರು ಕಂಡರೆ ಎಂಜಿನ್ ಹೇಗೆ ಕೂತಿದೆ ಎಂದು ಗಮನಿಸಿ. ಕೈ ಹಾಕಬೇಡಿ, ಬಿಸಿ ಇರುತ್ತದೆ!

ಈಗ ಕಾರಿನಲ್ಲಿ ದೋಷ ಕಂಡುಬಂದರೆ ಕಂಪನಿಯೇ ಆ ಕಾರುಗಳನ್ನು ಹಿಂದಕ್ಕೆ ಕರೆಸಿ ದುರಸ್ತಿ ಮಾಡಿಕೊಡುವ ಪದ್ಧತಿಯಿದೆ. ನಮ್ಮ ದೇಶದಲ್ಲಿ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಹಾಗೆ ಕರೆಸುವಂತೆ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಹಾಗಾಗಿ ದೂರು ಹೇಳುವುದು ಜಗಳವಲ್ಲ. ತಪ್ಪನ್ನು ತೋರಿಸಿದವರಿಂದಲೂ ಯಂತ್ರ ಬೆಳೆಯುತ್ತದೆ. ನೀವೂ ಕಾರಿನಲ್ಲಿ ಕುಳಿತಾಗ ಸೀಟ್ ಬೆಲ್ಟ್ ಹಾಕಿಕೊಳ್ಳಿ. ಅದು ಕೆಟ್ಟಿದ್ದರೆ ಸುಮ್ಮನಿರಬೇಡಿ, ಹಿರಿಯರಿಗೆ ಹೇಳಿ.

ಮಾಡಿ ನೋಡಿ: ಅಡಿಕೆ ಹಾಳೆಯ ಎರಡು ತುಂಡುಗಳನ್ನು ಇಳಿಜಾರಾಗಿ ಹಿಡಿಯಿರಿ. ಮೇಲಿನ ತುಂಡಿನ ಅಂಚು ಕೆಳಗಿನದರ ಮೇಲೆ ಬರಲಿ. ಮೇಲಿನಿಂದ ನೀರು ಸುರಿಯಿರಿ. ಈಗ ಮೇಲಿನ ತುಂಡಿನ ಅಂಚನ್ನು ಕೆಳಗಿನದರ ಅಡಿಗೆ ಸೇರಿಸಿ ಮತ್ತೆ ಸುರಿಯಿರಿ. ಯಾವಾಗ ನೀರು ಸೋರಿತು? ಏಕೆ? ಗೆಳೆಯರೊಂದಿಗೆ ಚರ್ಚಿಸಿ.