ಅಣುವಿಜ್ಞಾನಿ ಹೋಮಿ ಭಾಭಾ

ಕಾಳಿ ನದಿಯ ದಂಡೆಯ ಕೈಗಾ, ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ನಮಗೆ ಹೊಸ ಹೆಸರಲ್ಲ. ಅಲ್ಲಿಯ ಅಣುಸ್ಥಾವರವನ್ನು ಹೊಗಳುವವರೂ ತೆಗಳುವವರೂ ನಮ್ಮಲ್ಲಿದ್ದಾರೆ. ಆ ವಿದ್ಯೆಯನ್ನು ಈ ದೇಶದಲ್ಲಿ ಬಿತ್ತಿದ ಹೋಮಿ ಜಹಾಂಗೀರ್ ಭಾಭಾ ಅವರ ಜೀವನವನ್ನು ಇಬ್ಬರೂ ಅರಿಯುವುದು ಉಚಿತ.

ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನವೊಂದರಲ್ಲಿ ಜನಿಸಿದರು. ಮಗನು ಇಂಜಿನಿಯರನಾಗಿ ಟಾಟಾ ಉಕ್ಕಿನ ಕಾರ್ಖಾನೆ ಸೇರಬೇಕೆಂಬುದು ತಂದೆಯ ಆಸೆ. ಕೇಂಬ್ರಿಜ್ಜಿನಲ್ಲಿ ಆ ಪರೀಕ್ಷೆಯನ್ನು ಪ್ರಥಮ ವರ್ಗದಲ್ಲಿ ಮುಗಿಸಿ ತಂದೆಯ ಮಾತನ್ನು ಉಳಿಸಿದ ಭಾಭಾ, ಆಮೇಲೆ ತಮ್ಮ ಮನಸ್ಸು ಹರಿದ ಭೌತಶಾಸ್ತ್ರಕ್ಕೆ ತಿರುಗಿದರು. 1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಮಹಾಯುದ್ಧ ಹೊತ್ತಿಕೊಂಡಿತು. ಅವರು ಇಲ್ಲಿಯೇ ಉಳಿದು, ಸರ್ ಸಿ. ವಿ. ರಾಮನ್ನರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು. 1945ರಲ್ಲಿ ಅವರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಮೊದಲು ಕಣ್ಣು ತೆರೆದದ್ದೂ ಬೆಂಗಳೂರಿನಲ್ಲಿಯೇ.

1948ರಲ್ಲಿ ಅವರು ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಕೇರಳ, ತಮಿಳು ಕರಾವಳಿಗಳ ಮೋನಜೈಟ್ ಮರಳಿನಲ್ಲಿ ಥೋರಿಯಂ ಹಾಗೂ ವಿರಳ ಭಸ್ಮಲೋಹಗಳು ಅಡಗಿವೆ. ಆ ಮರಳು ಹಿಂದೆ ಹಾಗೆಯೇ ಹಡಗೇರಿ ಪರದೇಶಕ್ಕೆ ಹೋಗುತ್ತಿತ್ತು. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸ್ಥಾಪನೆಯಾಗಿ, 1952ರಲ್ಲಿ ಆಲುವಾದ ಕಾರ್ಖಾನೆ ಕೆಲಸಕ್ಕೆ ತೊಡಗಿತು.

ಅದಿರು ದೊರೆತರೆ ಸಾಲದು, ಲೋಹ ಶುದ್ಧವಾಗಬೇಕು. ಯುರೇನಿಯಂನ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಬೋರಾನ್ ಉಳಿದರೂ ಅದು ಸ್ಥಾವರಕ್ಕೆ ಯೋಗ್ಯವಲ್ಲ. ಇದಕ್ಕೆ ಉಪಾಯ ದ್ರಾವಕದಿಂದ ಬೇರ್ಪಡಿಸುವುದು. ನೈಟ್ರಿಕ್ ಆಮ್ಲದಲ್ಲಿ ಕರಗಿಸಿದ ಯುರೇನಿಯಂನ್ನು, ಟ್ರೈಬ್ಯುಟೈಲ್ ಫಾಸ್ಫೇಟ್ ಬೆರೆಸಿದ ಸೀಮೆಎಣ್ಣೆಯಂಥ ದ್ರವದೊಡನೆ ಕಲಕುತ್ತಾರೆ. ಯುರೇನಿಯಂ ಎಣ್ಣೆಗೆ ಏರುತ್ತದೆ. ಕಲ್ಮಶ ನೀರಿನಲ್ಲಿ ಉಳಿಯುತ್ತದೆ. ಎಣ್ಣೆಯನ್ನು ಬೇರೆ ಮಾಡಿ ಶುದ್ಧ ನೀರಿನೊಡನೆ ಕಲಕಿದರೆ ಲೋಹ ಮತ್ತೆ ನೀರಿಗಿಳಿಯುತ್ತದೆ. ಮೊಸರು ಕಡೆದು ಬೆಣ್ಣೆ ತೆಗೆಯುವುದನ್ನು ಕಂಡ ನಮಗೆ ಇದು ಅರಿಯದ ಮಾತೇನಲ್ಲ. ವಿರಳ ಭಸ್ಮಲೋಹಗಳು ಗುಣದಲ್ಲಿ ಅವಳಿಜವಳಿಗಳಂತಿರುವುದರಿಂದ ಅವುಗಳನ್ನು ಮತ್ತೆ ಮತ್ತೆ ಕಡೆಯಬೇಕು. ಅವನ್ನು ಬಿಡಿಸಲು ಕ್ವಾಟರ್ನರಿ ಅಮೋನಿಯಂ ಲವಣಗಳೂ ನೆರವಾಗುತ್ತವೆ. ತತ್ತ್ವ ಅದೇ, ಹಿಡಿಯುವ ಕೈ ಮಾತ್ರ ಬೇರೆ.

ಟ್ರಾಂಬೆಯಲ್ಲಿ 1956ರಲ್ಲಿ ಅಪ್ಸರಾ ಸ್ಥಾವರ ನಡೆಯತೊಡಗಿತು. 1959ರಲ್ಲಿ ಶುದ್ಧ ಯುರೇನಿಯಂ ಲೋಹ ಸಿದ್ಧವಾಯಿತು. ಚಿತ್ರ ಬರೆಯುತ್ತ, ಸಂಗೀತಕ್ಕೆ ಮನಸೋಲುತ್ತ, ಅವಿವಾಹಿತರಾಗಿಯೇ ದುಡಿದ ಭಾಭಾ 1966ರ ಜನವರಿ 24ರಂದು ಮೌಂಟ್ ಬ್ಲಾಂಕ್ ಪರ್ವತದ ವಿಮಾನಾಪಘಾತದಲ್ಲಿ ಅಸುನೀಗಿದರು. ಆಗ ಅವರ ವಯಸ್ಸು ಐವತ್ತಾರು.

ಅವರು ನೆಟ್ಟ ಮರದ ಕೊಂಬೆ ನಮ್ಮ ಜಿಲ್ಲೆಗೂ ಚಾಚಿತು. ಕೈಗಾ ಯೋಜನೆಯನ್ನು ಜನ ವಿರೋಧಿಸಿದರು. ಪರಿಸರದ ಪರವಾಗಿ 1989ರಲ್ಲಿ ಡಾ. ಶಿವರಾಮ ಕಾರಂತರು ಇಲ್ಲಿಂದ ಲೋಕಸಭೆಗೆ ಸ್ಪರ್ಧಿಸಿದರು. ಆದರೂ 2000ದಲ್ಲಿ ಮೊದಲ ಎರಡು ಘಟಕಗಳು ವಿದ್ಯುತ್ತು ಕೊಡತೊಡಗಿದವು. ಆ ದೀಪದಲ್ಲಿ ಓದಿ, ನಮ್ಮ ಮನೆಯಲ್ಲಿ ಮೊದಲ ಪದವೀಧರನಾಗಲಿರುವ ನಾನು ಭಾಭಾ ಅವರಿಗೆ ಋಣಿ. ಆದರೆ ಸಹಪಾಠಿಗಳೇ, ಲೋಹದ ಶುದ್ಧಿಗಾಗಿ ಅಷ್ಟು ಎಚ್ಚರ ವಹಿಸುವ ವಿದ್ಯೆ, ನದಿ ಕಾಡುಗಳ ಶುದ್ಧಿಗೂ ಅಷ್ಟೇ ಎಚ್ಚರ ವಹಿಸಲೆಂದು ಕೇಳುವುದು ದಂಡೆಯ ಜನರ ಹಕ್ಕು. ಹಾಗೆ ಕೇಳುವುದರಿಂದ ಆ ಮಹನೀಯರಿಗೆ ನಾವು ಸಲ್ಲಿಸುವ ಗೌರವವೇನೂ ಕುಂದದು.