ಶ್ರೇಷ್ಠಿ ಪ್ರೇಮಚಂದ ರಾಯಚಂದ ಮತ್ತು ಪರಿಗ್ರಹದ ಮಿತಿ

ಹಸಿದವನು ಅನ್ನಕ್ಕಾಗಿ ಸಾಹಸಕ್ಕಿಳಿಯುವುದು ಸಹಜ. ಆದರೆ ತಲೆಮಾರುಗಳಿಗೆ ಸಾಲುವಷ್ಟು ಸಂಪತ್ತುಳ್ಳವನು ಇದ್ದುದೆಲ್ಲವನ್ನೂ ಪಣಕ್ಕೊಡ್ಡುವುದೇಕೆ? ಮುಂಬಯಿಯ ಜೈನ ಶ್ರೇಷ್ಠಿ ಪ್ರೇಮಚಂದ ರಾಯಚಂದರ ಜೀವನವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1831ರಲ್ಲಿ ಸೂರತ್ತಿನ ವರ್ತಕ ಮನೆತನದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಷೇರು ದಲ್ಲಾಳಿಯಾಗಿ, ಹತ್ತಿಯ ವರ್ತಕರಾಗಿ ಪ್ರಸಿದ್ಧಿ ಪಡೆದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಆರಂಭವಾಗಲು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ದುರ್ಲಭವಾಯಿತು. ಗುಜರಾತದ ಹತ್ತಿಗೂ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಮುಂಬಯಿಗೆ ಹರಿದುಬಂದ ಹಣದಿಂದ ಹೊಸ ಬ್ಯಾಂಕುಗಳೂ ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪನಿಗಳೂ ಹುಟ್ಟಿದವು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು ಸುಮಾರು ಹತ್ತು ಪಟ್ಟು ಬೆಲೆಗೇರಿತು. ಜನರು ಷೇರುಗಳನ್ನು ಅಡವಿಟ್ಟು ಸಾಲ ಪಡೆದು, ಆ ಸಾಲದಿಂದ ಮತ್ತೆ ಷೇರುಗಳನ್ನೇ ಕೊಂಡರು. ಈ ಉಬ್ಬರಕ್ಕೆ ಪ್ರೇಮಚಂದರೇ ಅಗ್ರಣಿಗಳು.

1865ರ ಏಪ್ರಿಲಿನಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಹತ್ತಿಯ ಬೆಲೆ ಕುಸಿಯಿತು. ಜುಲೈ 1ರಂದು ವಾಯಿದೆಯ ಹಣ ತೆರಬೇಕಾದಾಗ ಅನೇಕರ ಕೈ ಬರಿದಾಗಿತ್ತು. ಪ್ರೇಮಚಂದರ ಅಪಾರ ಐಶ್ವರ್ಯವೂ ಕರಗಿತು. ಷೇರುಗಳ ಆಧಾರದ ಮೇಲೆ ಸಾಲವಿತ್ತಿದ್ದ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಒಬ್ಬರ ಆಸೆಯೊಡನೆ ಅನೇಕರ ಗಳಿಕೆಯೂ ಮುಳುಗಿತು.

ಅವರು ಕೃಪಣರಲ್ಲ, ಮಹಾದಾನಿಗಳು. 1864ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಗ್ರಂಥಾಲಯಕ್ಕೆಂದು 2 ಲಕ್ಷ, ಗಡಿಯಾರ ಗೋಪುರಕ್ಕೆಂದು 2 ಲಕ್ಷ ರೂಪಾಯಿ ಅರ್ಪಿಸಿದರು. 1878ರಲ್ಲಿ ಪೂರ್ಣಗೊಂಡ ಆ ಗೋಪುರವು ತಾಯಿ ರಾಜಾಬಾಯಿಯವರ ಹೆಸರನ್ನು ಹೊತ್ತು ಇಂದಿಗೂ ನಿಂತಿದೆ. ಕಣ್ಣು ಕಾಣದ ಆ ತಾಯಿ ರಾತ್ರಿಭೋಜನ ತ್ಯಾಗದ ವ್ರತಧಾರಿಣಿಯಾಗಿದ್ದರೆಂದೂ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಹೊತ್ತನ್ನು ಗಂಟೆಯ ನಾದದಿಂದ ತಿಳಿಯಲೆಂದು ಮಗನು ಗೋಪುರ ಕಟ್ಟಿಸಿದನೆಂದೂ ಪ್ರತೀತಿಯಿದೆ.

ತಾಯಿಯ ಊಟಕ್ಕೆ ಮೇರೆಯಿತ್ತು. ಮಗನ ವ್ಯವಹಾರಕ್ಕೆ ಮೇರೆಯಿರಲಿಲ್ಲ. ಸಾಹಸದ ಮೂಲ ಬಡತನದಲ್ಲಿಲ್ಲ, ಇಷ್ಟು ಸಾಕೆಂಬ ಗೆರೆ ಇಲ್ಲದಿರುವುದರಲ್ಲಿದೆ. ಗೆರೆಯಿಲ್ಲದವನಿಗೆ ಪ್ರತಿಯೊಂದು ಲಾಭವೂ ಮುಂದಿನ ಪಣಕ್ಕೆ ಬಂಡವಾಳವಾಗುತ್ತದೆ. ದಾನವು ಲೋಭವನ್ನು ಸಡಿಲಿಸೀತು, ಆದರೆ ಪರಿಮಾಣ ವ್ರತದ ಸ್ಥಾನವನ್ನು ತುಂಬಲಾರದು.

ಪ್ರೇಮಚಂದರು ಮತ್ತೆ ವ್ಯಾಪಾರದಲ್ಲಿ ನೆಲೆ ಕಂಡು 1906ರಲ್ಲಿ ದಿವಂಗತರಾದರು. ಕುಸಿತದ ದಿನ ಮಿತಿಯನ್ನು ವಿಧಿಯೇ ಹಾಕುತ್ತದೆ, ಅದು ವ್ರತವಲ್ಲ. ಶ್ರಾವಕರು ಪರಿಗ್ರಹ ಪರಿಮಾಣವನ್ನು ಲಾಭದ ದಿನಗಳಲ್ಲಿಯೇ ಸ್ವೀಕರಿಸುವುದು ಶ್ರೇಯಸ್ಕರ.